ಕೌಲ್ ಬಜಾರಿನ ಪ್ಯಾಂಟ್ ಮ್ಯೂಸಿಯಂ: ಅವ್ವನ ಜೊತೆ ಹೋಗಿ ಬಂದೆ

ಮೊದಲೇ ಹೇಳಿಬಿಡುತ್ತೇನೆ, ದೊಡ್ಡ ಕಟ್ಟಡ, ಟಿಕೆಟ್ ಕೌಂಟರ್, ಎಸಿ ಎಲ್ಲ ಇರುತ್ತದೆ ಅಂದುಕೊಂಡು ಹೋಗಬೇಡಿ. ಬಳ್ಳಾರಿಯ ಕೌಲ್ ಬಜಾರಿನ ಒಂದು ಗಲ್ಲಿಯಲ್ಲಿ, ಜೀನ್ಸ್ ಹೊಲಿಯುವ ಯುನಿಟ್ ಮೇಲಿನ ಎರಡು ಕೋಣೆ ಅಷ್ಟೇ. ಬೋರ್ಡ್ ಕೂಡ ಇಲ್ಲ. ಬಹಳ ವರ್ಷ ಕಟಿಂಗ್ ಮಾಡಿದ ಹಿರಿಯರೊಬ್ಬರು, ಎಲ್ಲರೂ ಅವರನ್ನು ಮಾಸ್ಟರ್ ಅಂತಲೇ ಕರೆಯುವುದು, ತಮ್ಮ ಕೈ ಸೇರಿದ ಹಳೆಯ ಬಟ್ಟೆಗಳನ್ನೆಲ್ಲ ಇಲ್ಲಿ ಕೂಡಿಟ್ಟಿದ್ದಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಕೇಳಿದವರಿಗೆ ತಾವೇ ನಿಂತು ತೋರಿಸುತ್ತಾರೆ.

ನಾನು ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಅವ್ವ 14 ವರ್ಷ ಮನೆಯಲ್ಲೇ ಕೂತು ಜೀನ್ಸಿನ ದಾರ ಕತ್ತರಿಸಿದವಳು. ಯುನಿಟ್‌ನವರು ಗಂಟು ಕಟ್ಟಿ ತಂದು ಹಾಕುತ್ತಿದ್ದರು, ಹೊಲಿಗೆ ಮುಗಿದ ಕಡೆಯೆಲ್ಲ ಜೋತಾಡುವ ದಾರವನ್ನು ಕತ್ತರಿಸಿ, ಮಡಚಿ ವಾಪಸ್ ಕೊಡಬೇಕು, ಪೀಸಿಗೆ ಇಷ್ಟು ಅಂತ ಲೆಕ್ಕ. ನಮ್ಮ ಮನೆಯ ಚಾಪೆ ಯಾವಾಗಲೂ ನೀಲಿ ಇರುತ್ತಿತ್ತು. ಅವ್ವನ ಉಗುರೂ.

ಮೊದಲ ಕೋಣೆಯನ್ನು ಬೇಗ ಮುಗಿಸಬಹುದು. ಒಂದು ಲಂಬಾಣಿ ಫೇಟಿಯಾ (ಲಂಗ) ಮತ್ತು ಕಾಂಚಳಿ (ರವಿಕೆ) ಇವೆ, ಕನ್ನಡಿ, ಕವಡೆ ಎಲ್ಲ ಹಾಗೇ ಉಳಿದಿವೆ, ಚೆನ್ನಾಗಿವೆ. ಆದರೆ ಈ ಕಸೂತಿ ನೋಡಲು ಸಂಡೂರಿನ ಕುಶಲ ಕಲಾ ಕೇಂದ್ರಕ್ಕೇ ಹೋಗಿ, ಅಲ್ಲಿ ಕೆಲಸ ಮಾಡುವ ಹೆಂಗಸರೇ ಸಿಗುತ್ತಾರೆ. ಪಕ್ಕದಲ್ಲಿ ವಿಜಯನಗರದ ಕಾಲದ ಕುಲ್ಲಾಯಿ ಅನ್ನುವ ಎತ್ತರದ ಟೋಪಿಯ ಮಾದರಿ ಇದೆ. ಸುಮಾರು 1520ರಲ್ಲಿ ಹಂಪಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯ ಚಿನ್ನದ ಗುಲಾಬಿ ಹೂವುಗಳ ಬಿಳಿ ಬಟ್ಟೆ ಉಟ್ಟು, ತಲೆಗೆ ಜರಿಯ ಟೋಪಿ ಹಾಕಿಕೊಂಡು, ಬರಿಗಾಲಲ್ಲಿ ಇದ್ದ ಅಂತ ಬರೆದಿದ್ದಾನೆ. ಮಾಸ್ಟರ್ ಅದನ್ನು ಓದಿಸಿ ಕೇಳಿ ಟೋಪಿ ಹೊಲಿದಿದ್ದಾರೆ. ಆಸೆಯೇನೋ ದೊಡ್ಡದು, ಆದರೆ ಹೊಳೆಯುವ ವೆಲ್ವೆಟ್ ಹಾಕಿದ್ದರಿಂದ ನಾಟಕದ ಡ್ರೆಸ್ಸಿನ ಹಾಗೆ ಕಾಣುತ್ತದೆ. ತೆಗೆದಿಟ್ಟರೇ ಒಳ್ಳೆಯದು.

ಎರಡನೇ ಕೋಣೆಗೆ ನಿಮ್ಮ ಪೂರ್ತಿ ಸಮಯ ಇಟ್ಟುಕೊಳ್ಳಿ. ಅದು ಪ್ಯಾಂಟಿನ ಕೋಣೆ. ಬ್ರಿಟಿಷರ ದಂಡು ಇಲ್ಲಿದ್ದಾಗ ಸೈನಿಕರ ಸಮವಸ್ತ್ರ ಹೊಲಿದ ದರ್ಜಿಗಳಿಂದಲೇ ನಮ್ಮೂರಿನ ಹೊಲಿಗೆ ಕಸುಬು ಬೆಳೆದದ್ದು, ಕೊನೆಗೆ ಅದೇ ಜೀನ್ಸ್ ಕಡೆ ತಿರುಗಿದ್ದು. ಗೋಡೆಗೆ ಖಾಕಿ ಪ್ಯಾಂಟು, 70ರ ದಶಕದ ಬೆಲ್‌ಬಾಟಮ್, ಆಮೇಲೆ ಬ್ಯಾಗಿ, ಆಮೇಲೆ ಕಾಲಿಗೆ ಅಂಟಿಕೊಳ್ಳುವ ನ್ಯಾರೋ, ಈಗ ಮತ್ತೆ ಅಗಲ. ಸಾಲಾಗಿ ನೋಡಿದರೆ ಬಾಟಮ್ ಅಗಲವಾಗಿ, ಸಣ್ಣದಾಗಿ, ಮತ್ತೆ ಅಗಲವಾಗುವುದು ಒಂದೇ ನೋಟಕ್ಕೆ ಸಿಗುತ್ತದೆ.

ನನಗೆ ತುಂಬಾ ಹಿಡಿಸಿದ್ದು ಬೇರೆ. ಮಾಸ್ಟರ್ ಪ್ರತಿ ಪ್ಯಾಂಟನ್ನೂ ಒಳಮಗ್ಗುಲು ತಿರುಗಿಸಿ ತೋರಿಸುತ್ತಾರೆ. ಗಾಜಿನೊಳಗಿನ ನಾಲ್ಕೈದು ಬಿಟ್ಟು ಉಳಿದದ್ದನ್ನು ನೀವೂ ಮುಟ್ಟಬಹುದು. ಜೀನ್ಸ್ ಹೊರಗೆ ನೀಲಿ, ಒಳಗೆ ಬಿಳಿಚು ಯಾಕೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಹಾಸಿನ ಎಳೆಗೆ, ಅಂದರೆ ಉದ್ದಕ್ಕೆ ಹೋಗುವ ಎಳೆಗೆ ಮಾತ್ರ ನೀಲಿ ಅದ್ದುತ್ತಾರೆ, ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆ ಬಿಳಿಯೇ ಇರುತ್ತದೆ, ಓರೆ ನೇಯ್ಗೆಯಲ್ಲಿ ಹಾಸು ಮೇಲುಗಡೆ ಜಾಸ್ತಿ ಕಾಣುತ್ತದೆ, ಅಷ್ಟೇ ಕಾರಣ. ಒಂದು ಸಣ್ಣ ಬಕೆಟ್‌ನಲ್ಲಿ ನೀಲಿ ಕಲಸಿಟ್ಟಿದ್ದರು. ನೀಲಿ ಸುಮ್ನೆ ನೀರಿನಲ್ಲಿ ಕರಗುವುದಿಲ್ಲ, ಕಾಸ್ಟಿಕ್ ಸೋಡಾ, ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಬೇಕು. ಬಿಳಿ ದಾರ ಅದ್ದಿ ತೆಗೆದಾಗ ಹಳದಿ ಹಸಿರು ಇತ್ತು. ಗಾಳಿಗೆ ಹಿಡಿದರು, ನೋಡನೋಡುತ್ತ ಕೈಯಲ್ಲೇ ನೀಲಿ ಆಯಿತು! ಆಮೇಲೆ ಆ ದಾರವನ್ನು ಬಿಚ್ಚಿ ತೋರಿಸಿದರು, ನಡುವೆ ಬಿಳಿ ಹಾಗೇ ಇದೆ. ಬಣ್ಣ ಮೇಲೆ ಮೇಲೆ ಮಾತ್ರ ಕೂರುವುದರಿಂದಲೇ ಮೊಣಕಾಲು ಸವೆದಂತೆ ಬೆಳ್ಳಗಾಗುವುದು, ಕಲ್ಲು ಹಾಕಿ ತೊಳೆದರೆ ಹಳೆಯದರ ಹಾಗೆ ಕಾಣುವುದು.

ಗೋಡೆಯ ಮೇಲಿನ ಬರಹಗಳಲ್ಲಿ ಜೇಕಬ್ ಡೇವಿಸ್ ಕಥೆಯ ಮುಂದೆ ನಿಲ್ಲಿ. ಅಮೆರಿಕದ ನೆವಾಡಾ ರಾಜ್ಯದ ರೀನೋ ಊರಿನ ದರ್ಜಿ. ಮರ ಕಡಿಯುವವನ ಹೆಂಡತಿ ಬಂದು, ಗಂಡನಿಗೆ ಹರಿಯದ ಪ್ಯಾಂಟ್ ಬೇಕು ಅಂದಳಂತೆ. ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್, ಅಂದರೆ ಗುಂಡಿಯಂಥ ಸಣ್ಣ ಮೊಳೆ ಬಡಿದು ಕೊಟ್ಟ. ಪೇಟೆಂಟ್ ಮಾಡಿಸಲು ಅವನ ಹತ್ತಿರ ದುಡ್ಡಿರಲಿಲ್ಲ. ಬಟ್ಟೆ ಕೊಡುತ್ತಿದ್ದ ವ್ಯಾಪಾರಿ ಲೀವೈ ಸ್ಟ್ರಾಸ್‌ಗೆ ಕಾಗದ ಬರೆದ, ಇಬ್ಬರೂ ಸೇರಿ 1873ರ ಮೇ 20ರಂದು ಪೇಟೆಂಟ್ ಪಡೆದರು. ಪ್ಯಾಂಟಿನ ಮೇಲೆ ಇವತ್ತಿಗೂ ಇರುವುದು ವ್ಯಾಪಾರಿಯ ಹೆಸರು. ದರ್ಜಿಯ ಹೆಸರು ಎಷ್ಟು ಜನಕ್ಕೆ ಗೊತ್ತು? ಇದನ್ನು ಓದಿ ಹೇಳಿದಾಗ ಅವ್ವ ಏನೂ ಮಾತಾಡಲಿಲ್ಲ, ಆ ರಿವೆಟ್ ಮೇಲೆ ಬೆರಳಿಟ್ಟುಕೊಂಡು ನಿಂತಳು.

ಆಮೇಲೆ ನನಗೆ ಮಾಸ್ಟರ್‌ಗಿಂತ ಅವ್ವನೇ ಜಾಸ್ತಿ ತೋರಿಸಿದಳು. ಒಂದು ಹಳೆಯ ಪ್ಯಾಂಟ್ ತಿರುವಿ, "ಇದಕ್ಕೆ ಓವರ್‌ಲಾಕ್ ಇಲ್ಲ ನೋಡವ್ವ, ತುಳಿಯೋ ಮಷಿನ್‌ದು" ಅಂದಳು. ಓವರ್‌ಲಾಕ್ ಅಂದರೆ ಬಟ್ಟೆಯ ಅಂಚು ಬಿಚ್ಚದ ಹಾಗೆ ಮಷಿನ್‌ನಲ್ಲಿ ಸುತ್ತಿ ಹಾಕುವ ಹೊಲಿಗೆ. ಇನ್ನೊಂದರಲ್ಲಿ ಕಾಜಾ ಕೈಯಲ್ಲಿ ಹಾಕಿದ್ದು ಅಂದಳು. ಎರಡೂ ಸರಿ ಅಂತ ಮಾಸ್ಟರ್ ತಲೆ ಆಡಿಸಿದರು. ಒಂದು ಬೆಲ್ಟ್ ಲೂಪಿನ ಹತ್ತಿರ ದಾರ ಜೋತಾಡುತ್ತಿತ್ತು, ಅವ್ವನ ಕೈ ತಾನಾಗಿಯೇ ಅಲ್ಲಿಗೆ ಹೋಯಿತು. "ಇರಲಿ ಬಿಡಮ್ಮ, ಅದು ಹಂಗೇ ಇರಬೇಕು" ಅಂದರು ಮಾಸ್ಟರ್.

ಈಗ ಬೇಜಾರಿನ ವಿಷಯ. ಕೋಣೆಯಲ್ಲಿ ಕಟಿಂಗ್ ಮಾಸ್ಟರ್‌ನ ಕತ್ತರಿ ಇದೆ, ಇಸ್ತ್ರಿಪೆಟ್ಟಿಗೆ ಇದೆ, ಹಳೆಯ ಸಿಂಗರ್ ಮಷಿನ್ ಇದೆ. ದಾರ ಕತ್ತರಿಸಿದವರದ್ದು, ಗುಂಡಿ ಹಚ್ಚಿದವರದ್ದು ಒಂದು ಸಾಲೂ ಇಲ್ಲ. ಈ ಊರಿನಲ್ಲಿ ಆ ಕೆಲಸ ಮನೆಮನೆಯಲ್ಲಿ ಹೆಂಗಸರು ಮಾಡಿದ್ದು ಅಲ್ವಾ? ಒಳಮಗ್ಗುಲು ತೋರಿಸುವ ಮ್ಯೂಸಿಯಂ ಇದನ್ನು ಬಿಡಬಾರದಿತ್ತು. ಮಾಸ್ಟರ್‌ಗೆ ನೇರವಾಗಿಯೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವ್ವನನ್ನು ಕೂರಿಸಿ, ದಿನಕ್ಕೆ ಎಷ್ಟು ಪೀಸ್, ಯಾವ ಕತ್ತರಿ, ಗಂಟು ಯಾರು ತರುತ್ತಿದ್ದರು ಅಂತ ಒಂದೊಂದಾಗಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಇನ್ನೊಂದು, ಬಟ್ಟೆ ಇಟ್ಟಿರುವ ರೀತಿ. ಟ್ಯೂಬ್‌ಲೈಟು ನೇರ ಮೇಲೆಯೇ ಉರಿಯುತ್ತದೆ. ಹಳೆಯ ಬಟ್ಟೆಗೆ ಸುಮಾರು 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೀಳದಂತೆ ಮ್ಯೂಸಿಯಂಗಳು ನೋಡಿಕೊಳ್ಳುತ್ತವೆ, ಅಂದರೆ ಮಬ್ಬು ಬೆಳಕು. ಇಲ್ಲಿ ಒಂದು ಇಳಕಲ್ ಸೀರೆಯನ್ನು ತಂತಿಯ ಹ್ಯಾಂಗರ್‌ಗೆ ನೇತು ಹಾಕಿದ್ದಾರೆ, ರೇಷ್ಮೆ ಸೆರಗು ತನ್ನ ಭಾರಕ್ಕೇ ಹರಿಯುತ್ತದೆ. ಕೋಲಿಗೆ ಸುತ್ತಿಟ್ಟರೆ ಸಾಕು, ಖರ್ಚೇನೂ ಇಲ್ಲ. ದಯವಿಟ್ಟು ಬೇಗ ಮಾಡಿ ಮಾಸ್ಟರ್.

ಹೋಗುವವರು ಸಂಜೆ 4ರ ಮೇಲೆ ಹೋಗಿ, ಅದಕ್ಕೆ ಮುಂಚೆ ಮಾಸ್ಟರ್ ಕೆಳಗೆ ಯುನಿಟ್‌ನಲ್ಲಿ ಇರುತ್ತಾರೆ. ಮೆಟ್ಟಿಲು ಕಡಿದು, ವಯಸ್ಸಾದವರಿಗೆ ಕೈ ಹಿಡಿಯಲು ಒಬ್ಬರು ಬೇಕು. ಮಕ್ಕಳಿಗೆ ಬಕೆಟ್ ಹತ್ತಿರ ಮಾತ್ರ ಹುಷಾರು, ಕಾಸ್ಟಿಕ್ ಅದು. ಒಂದು ಗಂಟೆ ಸಾಕು ಅಂತ ಹೋದವರು ನಾವು, ಕತ್ತಲಾದ ಮೇಲೆ ಇಳಿದು ಬಂದು ಒಗ್ಗರಣೆ ಮಿರ್ಚಿ ತಿಂದು ಮನೆ ಸೇರಿದೆವು.

ಮರೆತಿದ್ದೆ. 90ರ ದಶಕದಲ್ಲಿ ರಫ್ ಅಂಡ್ ಟಫ್ ಅಂತ ಜೀನ್ಸ್ ಬಟ್ಟೆ, ಜಿಪ್, ಗುಂಡಿ, ರಿವೆಟ್ ಎಲ್ಲ ಒಂದೇ ಪ್ಯಾಕೆಟ್‌ನಲ್ಲಿ ಬರುತ್ತಿತ್ತು ನೆನಪಿದೆಯಾ, ತಂದು ದರ್ಜಿಗೆ ಕೊಟ್ಟು ಹೊಲಿಸಿಕೊಳ್ಳುತ್ತಿದ್ದದ್ದು? ಮಾಸ್ಟರ್ ಹತ್ತಿರ ಹೊಲಿದ ಪ್ಯಾಂಟ್ ಇದೆ, ಒಡೆಯದ ಪ್ಯಾಕೆಟ್ ಇಲ್ಲ. ಯಾರ ಮನೆಯ ಅಟ್ಟದ ಮೇಲಾದರೂ ಉಳಿದಿದ್ದರೆ ತಂದುಕೊಡಿ. ಅವ್ವನೂ ತನ್ನ ಹಳೆಯ ದಾರದ ಕತ್ತರಿ ಹುಡುಕುತ್ತಿದ್ದಾಳೆ.