ಕಲಬುರಗಿಯಲ್ಲಿ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯೂ ಝಡ್4

ಹೈದರಾಬಾದಿನಿಂದ ತಂದ ಝಡ್4 35ಐ ಇದು. 2009ರಿಂದ 2016ರವರೆಗೆ ತಯಾರಾದ ಮಾಡೆಲ್, ಎರಡೇ ಸೀಟು. ಮೇಲ್ಛಾವಣಿ ಬಟ್ಟೆಯದಲ್ಲ, ಅಲ್ಯೂಮಿನಿಯಂದು. ನಮ್ಮ ಕಡೆಯ ಬಿಸಿಲಿಗೂ ಧೂಳಿಗೂ ಇದೇ ಸರಿ. ಗುಂಡಿ ಒತ್ತಿದರೆ ಸುಮಾರು 20 ಸೆಕೆಂಡಿನಲ್ಲಿ ಮಡಚಿಕೊಂಡು ಡಿಕ್ಕಿಯೊಳಗೆ ಹೋಗುತ್ತದೆ, ಆಗ 310 ಲೀಟರ್ ಇದ್ದ ಡಿಕ್ಕಿ 180ಕ್ಕೆ ಇಳಿಯುತ್ತದೆ, ಸಣ್ಣ ಬ್ಯಾಗ್ ಬಿಟ್ಟು ಬೇರೇನೂ ಹಿಡಿಯಲ್ಲ.

ಓಡಿಸೋಕೆ ಅದ್ಭುತ! ಆರು ಸಿಲಿಂಡರ್, 306 ಅಶ್ವಶಕ್ತಿ. ಚಳಿಗಾಲದ ಬೆಳಿಗ್ಗೆ ಸೇಡಂ ರಸ್ತೆಯಲ್ಲಿ ಛಾವಣಿ ತೆಗೆದು, ಎರಡೂ ಕಡೆ ತೊಗರಿ ಹೊಲ ನೋಡುತ್ತಾ ಹೋಗುವ ಖುಷಿ ಬೇರೆ ಯಾವ ಕಾರಿನಲ್ಲೂ ನನಗೆ ಸಿಕ್ಕಿಲ್ಲ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದಲ್ವಾ, ಆಗ ಹಗಲು ಛಾವಣಿ ತೆಗೆಯುವ ಮಾತೇ ಇಲ್ಲ.

ತಗೊಳ್ಳುವವರು ಛಾವಣಿಯನ್ನು ನಾಲ್ಕೈದು ಸಲ ತೆಗೆದು ಮುಚ್ಚಿಸಿ ನೋಡಿ. ಸದ್ದು ಬಂದರೆ, ನಡುವೆ ನಿಂತರೆ, ಸುಮ್ನೆ ವಾಪಸ್ ಬನ್ನಿ, ರಿಪೇರಿ ತುಂಬಾ ದುಬಾರಿ. ಈ ಎಂಜಿನ್‌ನಲ್ಲಿ ಹೈ ಪ್ರೆಷರ್ ಫ್ಯೂಯೆಲ್ ಪಂಪ್ ಕೈಕೊಡುವುದು ಜಾಸ್ತಿ, ಬದಲಾಯಿಸಿದ್ದರೆ ಬಿಲ್ ಕೇಳಿ. ಗಾಳಿ ಹೋದರೂ ಸ್ವಲ್ಪ ದೂರ ಓಡುವ ಗಟ್ಟಿ ರನ್‌ಫ್ಲಾಟ್ ಟೈರ್ ಆದ್ದರಿಂದ ಸ್ಟೆಪ್ನಿ ಇರಲ್ಲ, ರಸ್ತೆ ಗುಂಡಿಗಳು ನೇರ ಬೆನ್ನಿಗೇ ಬಡಿಯುತ್ತವೆ.

ತೆಲಂಗಾಣದ ಗಾಡಿಗೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಬೇಕು. ಇಲ್ಲಿ ಕೆಎ 32 ನಂಬರ್ ಮಾಡಿಸುವಾಗ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು, ಗಾಡಿ ಹಳೆಯದಾದಷ್ಟೂ ಅದು ಕಡಿಮೆ. ಈ ದುಡ್ಡನ್ನೂ ಸೇರಿಸಿಯೇ ಚೌಕಾಸಿಗೆ ಕೂತುಕೊಳ್ಳಿ.