ಕಮಾಂಡ್: ಮಾಡರ್ನ್ ಆಪರೇಷನ್ಸ್ – ದೀರ್ಘಕಾಲದ ಬಳಕೆಯ ನಂತರ

2019ರಲ್ಲಿ ಮ್ಯಾಟ್ರಿಕ್ಸ್ ಗೇಮ್ಸ್ ಹೊರತಂದ ‘ಕಮಾಂಡ್: ಮಾಡರ್ನ್ ಆಪರೇಷನ್ಸ್’ ಎಂಬ, ಆಧುನಿಕ ಕಡಲ ಮತ್ತು ವಾಯು ಯುದ್ಧವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಆಟದ ತಂತ್ರಾಂಶವನ್ನು, ನಿವೃತ್ತಿಯ ನಂತರ ಕಾರವಾರದಲ್ಲಿ ನೆಲೆಸಿರುವ ನಾವು ಕೆಲವು ನೌಕಾಪಡೆಯವರು ವರ್ಷಗಳಿಂದ ಬಳಸುತ್ತಿದ್ದೇವೆ. ಸೇನೆಗಳಿಗೆಂದೇ ಇದರ ಬೇರೊಂದು ವೃತ್ತಿಪರ ಆವೃತ್ತಿಯಿದೆ. ನನ್ನ ಮಾತು ಯಾರು ಬೇಕಾದರೂ ಕೊಳ್ಳಬಹುದಾದ ಆವೃತ್ತಿಗೆ ಮಾತ್ರ ಸಂಬಂಧಿಸಿದ್ದು.

ಎದುರಾಳಿ ಎಲ್ಲಿದ್ದಾನೆಂಬ ಅನಿಶ್ಚಿತತೆಯನ್ನು ಇದು ಪ್ರಾಮಾಣಿಕವಾಗಿ ತೋರಿಸುತ್ತದೆ. ರೇಡಾರ್ ಹಚ್ಚಿದರೆ ದೂರದ ಹಡಗು ಕಾಣುತ್ತದೆ, ಆದರೆ ಆ ಅಲೆಗಳನ್ನು ಹಿಡಿಯುವ ಎದುರಾಳಿಗೆ ನಮ್ಮ ಇರವು ಅದಕ್ಕೂ ಮೊದಲೇ ತಿಳಿದುಬಿಡಬಹುದು. ಉಷ್ಣಾಂಶ ತಟ್ಟನೆ ಬದಲಾಗುವ ನೀರಿನ ಪದರದ ಕೆಳಗೆ ಇಳಿದ ಜಲಾಂತರ್ಗಾಮಿ ನೀರಿನಡಿಯ ಶಬ್ದದಿಂದ ಹುಡುಕುವ ಮೇಲಿನ ಹಡಗಿನ ಸೋನಾರ್‌ಗೆ ಸುಲಭವಾಗಿ ಸಿಗುವುದಿಲ್ಲ.

ಸನ್ನಿವೇಶವನ್ನು ನಾವೇ ರಚಿಸಿಕೊಳ್ಳಬಹುದಾದ್ದರಿಂದ, ಜೂನ್–ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಟ್ರಾಲ್ ಮತ್ತು ಪರ್ಸೀನ್ ಬೋಟುಗಳು ಒಟ್ಟಿಗೆ ಕಡಲಿಗಿಳಿಯುವ ಆಗಸ್ಟ್ ತಿಂಗಳನ್ನು ಆರಿಸಿಕೊಂಡೆವು. ಗುರುತು ಸಿಗದ ಅಷ್ಟೊಂದು ಚುಕ್ಕೆಗಳ ನಡುವೆ ಕ್ಷಿಪಣಿ ಹಾರಿಸಲು ಆದೇಶ ಕೊಡುವವನು ಮೀನುಗಾರರ ಪ್ರಾಣಕ್ಕೂ ಹೊಣೆಗಾರನೆಂಬುದು ಇಲ್ಲಿ ಮನದಟ್ಟಾಗುತ್ತದೆ. (ಐಎನ್‌ಎಸ್ ಕದಂಬ ನೌಕಾನೆಲೆಗೆ ಸಂಬಂಧಿಸಿದ ಯಾವ ವಿವರವನ್ನೂ ನಾವು ಸೇರಿಸುವುದಿಲ್ಲ; ತಂತ್ರಾಂಶದಲ್ಲಿರುವ ಮಾಹಿತಿಯೇ ಸಾಕು.)

ಆದರೆ ಒಬ್ಬನೇ ಕುಳಿತು ಆಡಿದರೆ ಅದು ಕಮಾಂಡ್ ಸಿಬ್ಬಂದಿಯ ತರಬೇತಿಯಾಗುವುದಿಲ್ಲ. ನಿಜವಾದ ಸಿಬ್ಬಂದಿಯಲ್ಲಿ ಒಬ್ಬ ವರದಿ ಸಂಗ್ರಹಿಸುತ್ತಾನೆ, ಇನ್ನೊಬ್ಬ ಅರ್ಥೈಸುತ್ತಾನೆ, ಮತ್ತೊಬ್ಬ ಆದೇಶದ ಕರಡು ಬರೆಯುತ್ತಾನೆ. ಕಮಾಂಡರ್ ತಾನು ಕೇಳಿದ್ದರ ಮೇಲೆಯೇ ನಿರ್ಧರಿಸಬೇಕಾಗುತ್ತದೆ. 1942ರಲ್ಲಿ ಲಿವರ್‌ಪೂಲ್‌ನಲ್ಲಿ ಬ್ರಿಟಿಷ್ ನೌಕಾಧಿಕಾರಿ ಗಿಲ್ಬರ್ಟ್ ರಾಬರ್ಟ್ಸ್ ನಡೆಸಿದ ತರಬೇತಿ ಘಟಕದಲ್ಲಿ ನೆಲವೇ ಸಮುದ್ರವಾಗಿತ್ತು. ಬೆಂಗಾವಲು ಹಡಗುಗಳ ಅಧಿಕಾರಿಗಳನ್ನು ಕ್ಯಾನ್ವಾಸ್ ಪರದೆಯ ಹಿಂದೆ ನಿಲ್ಲಿಸಿ, ಅದರ ಕಿಂಡಿಯಿಂದ ತಮ್ಮ ಹಡಗಿನಿಂದ ಕಾಣಬಹುದಾದಷ್ಟನ್ನೇ ನೋಡಲು ಬಿಡುತ್ತಿದ್ದರು. ನಾವೂ ಆ ಕ್ರಮವನ್ನೇ ಹಿಡಿದೆವು: ಕಂಪ್ಯೂಟರ್ ಒಂದು ಕೋಣೆಯಲ್ಲಿ, ನಕಾಶೆ ಹರಡಿಕೊಂಡ ಸಿಬ್ಬಂದಿ ಪಕ್ಕದ ಕೋಣೆಯಲ್ಲಿ, ನಡುವೆ ಚೀಟಿಗಳು ಮಾತ್ರ. ‘ದೇವಗಡ ದೀಪಸ್ತಂಭದ ವಾಯವ್ಯಕ್ಕೆ ಹಡಗು’ ಎಂದು ಬರೆದು ಹೊತ್ತನ್ನು ನಮೂದಿಸದ ಚೀಟಿ ಎಷ್ಟು ಅಪಾಯಕಾರಿಯೆಂಬುದನ್ನು ಯಾವ ಪಾಠವೂ ಇಷ್ಟು ಬೇಗ ಕಲಿಸದು. ಅಭ್ಯಾಸ ಮುಗಿದ ಮೇಲೆ, ದಾಖಲಾದ ಘಟನಾಕ್ರಮವನ್ನು ಮತ್ತೆ ಓಡಿಸಿ, ಸಿಬ್ಬಂದಿ ಗುರುತು ಹಾಕಿದ ನಕಾಶೆಯೊಡನೆ ಹೋಲಿಸುವ ಸಮಯವೇ ನನ್ನ ದೃಷ್ಟಿಯಲ್ಲಿ ಅತ್ಯಂತ ಅಮೂಲ್ಯವಾದದ್ದು.

ಕಲಿಯಲು ತಾಳ್ಮೆ ಬೇಕು. ಕೈಪಿಡಿ ಓದದೆ ಮುಂದುವರಿಯಲಾಗದು. ಗುಂಪಾಗಿ ಬಳಸುವವರು ಯಂತ್ರ ನಡೆಸಲಷ್ಟೇ ಒಬ್ಬರನ್ನು ಮೀಸಲಿಡಲಿ, ಅಭ್ಯಾಸ ಮುಗಿಯುವವರೆಗೆ ಕಮಾಂಡರನನ್ನು ಆ ಕೋಣೆಯೊಳಗೆ ಬಿಡದಿರಲಿ.