45 ದಿನದಲ್ಲಿ 500 ಇಂಗ್ಲಿಷ್ ನುಡಿಗಟ್ಟು ಅಂತ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಬಳ್ಳಾರಿಯ ಒಂದು ಸಣ್ಣ ಜೀನ್ಸ್ ಘಟಕದಲ್ಲಿ ಆರ್ಡರ್ ನೋಡಿಕೊಳ್ಳುವ ಕೆಲಸ ನನ್ನದು. ಮುಂಬೈ ಕಡೆಯವರ ಜತೆ ಹರಕು ಮುರುಕು ಹಿಂದಿಯಲ್ಲಿ ನಡೆದುಹೋಗುತ್ತದೆ. ಆಂಧ್ರದವರ ಜತೆ ತೆಲುಗು. ಬಳ್ಳಾರಿಯವರಿಗೆ ತೆಲುಗು ಯಾರಾದರೂ ಕಲಿಸಬೇಕಾ? ಆದರೆ ಹೋದ ವರ್ಷ ಕೊಚ್ಚಿಯ ಒಬ್ಬ ವ್ಯಾಪಾರಿ ಸಿಕ್ಕರು. ಅವರಿಗೆ ಹಿಂದಿ ಅಷ್ಟಕ್ಕಷ್ಟೆ, ನನಗೆ ಮಲಯಾಳಂ ಬರಲ್ಲ. ಎಲ್ಲಾ ವಾಟ್ಸಾಪ್‌ನಲ್ಲಿ, ಇಂಗ್ಲಿಷ್‌ನಲ್ಲಿ.

ಅದೇ ಹೊತ್ತಿಗೆ ಊರಲ್ಲಿ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಪೋಸ್ಟರ್ ಕಂಡಿತು. ‘45 ದಿನದಲ್ಲಿ 500 ಈಡಿಯಮ್ಸ್ ಮತ್ತು ಫ್ರೇಸಲ್ ವರ್ಬ್ಸ್.’ ಅಂದರೆ ನುಡಿಗಟ್ಟುಗಳು, ಜತೆಗೆ ‘ಟರ್ನ್ ಡೌನ್’ ಥರ ಎರಡು ಮೂರು ಪದ ಸೇರಿ ಬೇರೆ ಅರ್ಥ ಕೊಡುವ ಕ್ರಿಯಾಪದಗಳು. 3,500 ರೂಪಾಯಿ, ಪೂರ್ತಿ ಮುಂಗಡ. ಕ್ಲಾಸಿನ ಹೆಸರು ಬರೆಯುವುದಿಲ್ಲ. ಇಂಥವು ಒಂದೇ ಇಲ್ಲ, ಗಲ್ಲಿಗೊಂದಿವೆ.

ಮೊದಲ ದಿನ ಸ್ಪೈರಲ್ ಹಾಕಿದ ಜೆರಾಕ್ಸ್ ಪುಸ್ತಕ ಕೊಟ್ಟರು. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡದಲ್ಲಿ ಒಂದೇ ಒಂದು ಅರ್ಥ. ದಿನಕ್ಕೆ ಹನ್ನೆರಡು ಬಾಯಿಪಾಠ, ಮರುದಿನ ಒಪ್ಪಿಸುವುದು. ಮೂರನೇ ತರಗತಿಯ ಮಗ್ಗಿ ನೆನಪಾಯ್ತು. ‘ಇಟ್ಸ್ ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ (ಜೋರು ಮಳೆ ಬರ್ತಿದೆ) ಅನ್ನುವುದನ್ನು ಮೂವತ್ತು ಜನ ಒಟ್ಟಿಗೆ ಕೂಗಿದೆವು. ಹೊರಗೆ ಬಳ್ಳಾರಿ ಬಿಸಿಲು. ಇಲ್ಲಿ ಮಳೆ ಬರುವುದೇ ಅಪರೂಪ, ಬಂದರೂ ಈಗ ಯಾರೂ ಹೆಚ್ಚಾಗಿ ಹೀಗೆ ಹೇಳಲ್ಲ, ಅದು ಹಳೇ ಕಾಲದ ಮಾತು ಅಂತ ಆಮೇಲೆ ಗೊತ್ತಾಯಿತು.

ಈಗ ನಡೆದದ್ದು ಕೇಳಿ. ಕೊಚ್ಚಿಯವರು 800 ಪೀಸ್ ಹೇಳಿದ್ದರು. ಆಮೇಲೆ 500 ಸಾಕು, ಕಡಿಮೆ ಮಾಡಿ ಅಂತ ಮೆಸೇಜ್ ಹಾಕಿದರು. ಪುಸ್ತಕದಲ್ಲಿ ‘ಟರ್ನ್ ಡೌನ್ – ಕಡಿಮೆ ಮಾಡು’ ಅಂತ ಇತ್ತು. ಹೊಸದಾಗಿ ಕಲಿತ ಹುರುಪು ಬೇರೆ. ‘ವೀ ಹ್ಯಾವ್ ಟರ್ನ್ಡ್ ಡೌನ್ ಯುವರ್ ಆರ್ಡರ್’ ಅಂತ ಬರೆದು ಕಳಿಸಿದೆ. ಆ ಕಡೆಯಿಂದ ‘ಓಕೆ’ ಅಂತ ಬಂತು. ನಾನು ನೆಮ್ಮದಿಯಾಗಿ 500 ಪೀಸಿಗೆ ಬಟ್ಟೆ ಕಟಿಂಗ್‌ಗೆ ಹಾಕಿಸಿದೆ.

ಎಂಟು ದಿನವಾದರೂ ಅಡ್ವಾನ್ಸ್ ಬರಲಿಲ್ಲ. ನಮ್ಮ ಓನರ್ ಫೋನ್ ಮಾಡಿದರೆ, ನೀವೇ ಬೇಡ ಅಂದಿರಲ್ಲ, ಬೇರೆಯವರಿಗೆ ಕೊಟ್ಟೆ ಅಂದರಂತೆ. ಓನರ್ ನನ್ನ ಮೊಬೈಲ್ ಇಸಿದುಕೊಂಡು ಮಗಳಿಗೆ ತೋರಿಸಿದರು. ಆ ಹುಡುಗಿ ಓದಿ, ‘ಅಣ್ಣ, ನಿಮ್ಮ ಆರ್ಡರ್ ನಮಗೆ ಬೇಡ ಅಂತಲ್ವಾ ಬರ್ದಿರೋದು?’ ಅಂದಳು. ಓನರ್ ಬೈಯಲಿಲ್ಲ. ‘ಏನ್ ಓದ್ಸಿದ್ರಪ್ಪಾ ಅಲ್ಲಿ ನಿಂಗೆ?’ ಅಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಪುಸ್ತಕದ ಅರ್ಥ ಸುಳ್ಳಲ್ಲ, ಅಲ್ಲೇ ಇರುವುದು ಮೋಸ. ಟಿವಿ ಸೌಂಡ್, ಹೀಟರ್ ಇಂಥವನ್ನು ಟರ್ನ್ ಡೌನ್ ಮಾಡಿದರೆ ಕಡಿಮೆ ಮಾಡಿದ ಹಾಗೆ. ಆರ್ಡರ್, ಕೆಲಸ, ಮದುವೆ ಪ್ರಸ್ತಾಪ ಇವನ್ನು ಟರ್ನ್ ಡೌನ್ ಮಾಡಿದರೆ ಒಲ್ಲೆ ಅಂದ ಹಾಗೆ. ಮುಂದೆ ಯಾವ ಪದ ಬರುತ್ತದೋ ಅದರ ಮೇಲೆ ಅರ್ಥ. ನಮ್ಮಲ್ಲೂ ಹಾಗೇ ಅಲ್ವಾ? ಬಿದ್ದವನನ್ನು ಎಬ್ಬಿಸೋಕೆ ಕೈ ಕೊಡುವುದು ಬೇರೆ, ಗಾಡಿ ಅರ್ಧ ದಾರಿಯಲ್ಲಿ ಕೈ ಕೊಡುವುದು ಬೇರೆ. ‘ಕೈ ಕೊಡು – ಸಹಾಯ ಮಾಡು’ ಅಂತ ಒಂದೇ ಸಾಲು ಕಲಿತ ಹೊರಗಿನವನು ಇಲ್ಲಿ ಬಂದು ಮಾತಾಡಿದರೆ ಏನಾಗುತ್ತೆ ಊಹಿಸಿ.

ಯಾರ ಹತ್ತಿರ ಹೇಳಬಹುದು ಅನ್ನುವುದನ್ನಂತೂ ಹೇಳಿಯೇ ಕೊಡಲಿಲ್ಲ. ನಮ್ಮ ಬ್ಯಾಚಿನ ಒಬ್ಬರ ಅಜ್ಜಿ ತೀರಿಕೊಂಡರು. ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ‘ಸಾರಿ, ಯುವರ್ ಗ್ರ್ಯಾಂಡ್‌ಮದರ್ ಕಿಕ್ಡ್ ದ ಬಕೆಟ್’ ಅಂತ ಹಾಕಿದ. ಪಟ್ಟಿಯಲ್ಲಿ ‘ಸಾಯು’ ಅಂತಿತ್ತು, ಪಾಪ. ಅದು ‘ನಿಮ್ಮಜ್ಜಿ ಗೊಟಕ್ ಅಂದ್ರಂತೆ’ ಅಂದ ಹಾಗೆ. ಅಜ್ಜಿಯ ಮೊಮ್ಮಗನಿಗೂ ಅದು ಗೊತ್ತಾಗದೆ ‘ಥ್ಯಾಂಕ್ಯೂ’ ಅಂದ. ಪುಣ್ಯ.

ಇನ್ನೊಂದು, ಹೊರದೇಶದ ಕೆಲಸಕ್ಕೆ ಅರ್ಜಿ ಹಾಕುವವರಿಗೆ. ‘ಐ ಪಾಸ್ಡ್ ಔಟ್ ಇನ್ 2019’ ಅಂತ ಬರೆಯಬೇಡಿ. ಇಲ್ಲಿ ಅದು ಡಿಗ್ರಿ ಮುಗಿಸಿದೆ ಅಂತ ನಡೆಯುತ್ತೆ. ಅಲ್ಲಿನವರಿಗೆ ನೀವು ತಲೆಸುತ್ತಿ ಬಿದ್ದಿದ್ದು ಅಂತ ಕಾಣುತ್ತೆ. ‘ಗ್ರಾಜುಯೇಟೆಡ್’ ಅನ್ನಿ, ಸಾಕು.

ದುಡ್ಡು ವಾಪಸ್ ಕೇಳಿದೆ. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ‘ಶುಲ್ಕ ಹಿಂತಿರುಗಿಸುವುದಿಲ್ಲ’ ಅಂತಿತ್ತು. ನಾನು ಅದನ್ನು ತಿರುಗಿಸಿಯೂ ನೋಡಿರಲಿಲ್ಲ.

ಈಗ ನಾನು ಪಟ್ಟಿ ಕಲಿಯುವುದಿಲ್ಲ. ವ್ಯಾಪಾರಿಗಳು ಕಳಿಸುವ ಮೆಸೇಜಿನಲ್ಲಿ ಹೊಸದು ಕಂಡರೆ ಪೂರ್ತಿ ವಾಕ್ಯವನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ‘ವೀ ರ‍್ಯಾನ್ ಔಟ್ ಆಫ್ ಸ್ಟಾಕ್’, ಸ್ಟಾಕ್ ಖಾಲಿಯಾಯ್ತು. ‘ಡೋಂಟ್ ಪುಟ್ ಇಟ್ ಆಫ್’, ಮುಂದಕ್ಕೆ ಹಾಕಬೇಡಿ. ಇಲ್ಲಿ ‘ಇಟ್’ ನಡುವೆ ಬರುತ್ತೆ, ‘ಪುಟ್ ಆಫ್ ಇಟ್’ ಅನ್ನೋ ಹಾಗಿಲ್ಲ. ಆದರೆ ‘ಲುಕ್ ಆಫ್ಟರ್ ಇಟ್’ (ಅದನ್ನು ನೋಡಿಕೊಳ್ಳಿ) ಅನ್ನುವಾಗ ಕೊನೆಗೇ ಬರುತ್ತೆ. ಇದನ್ನು ಪಟ್ಟಿ ಯಾವತ್ತೂ ಹೇಳಲಿಲ್ಲ. ಅನುಮಾನ ಬಂದರೆ ಮೊಬೈಲ್‌ನಲ್ಲಿ ಕೇಂಬ್ರಿಡ್ಜ್ ಡಿಕ್ಷನರಿ ನೋಡುತ್ತೇನೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಗೆಳೆಯರ ನಡುವಿನ ಮಾತಾದರೆ ಪಕ್ಕದಲ್ಲಿ ‘ಇನ್‌ಫಾರ್ಮಲ್’ ಅಂತ ಇರುತ್ತೆ. ಅದಿದ್ದರೆ ವ್ಯಾಪಾರಿಗೆ ಬರೆಯಲ್ಲ. ಮೂರು ತಿಂಗಳಲ್ಲಿ ಇಪ್ಪತ್ತೆರಡು ಆಗಿವೆ. ಜಾಸ್ತಿ ಏನಲ್ಲ, ಆದರೆ ಇಪ್ಪತ್ತೆರಡನ್ನೂ ಧೈರ್ಯವಾಗಿ ಬಳಸುತ್ತೇನೆ.

ಮೊನ್ನೆ ಅದೇ ಕ್ಲಾಸಿನ ಹೊಸ ಪೋಸ್ಟರ್ ನೋಡಿದೆ. ಈಗ 1,000 ನುಡಿಗಟ್ಟು ಅಂತೆ. ಸೇರಲೇಬೇಕು ಅಂತಿದ್ದರೆ, ದುಡ್ಡು ಕೊಡುವ ಮುಂಚೆ ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಒಂದು ಗಂಟೆಯಲ್ಲಿ ಹುಡುಗರು ತಾವಾಗಿ ಎಷ್ಟು ನಿಮಿಷ ಇಂಗ್ಲಿಷ್ ಮಾತಾಡಿದರು ಅಂತ ಎಣಿಸಿ. ರಸೀದಿಯ ಹಿಂಬದಿಯನ್ನೂ ಓದಿ.